ಎಷ್ಟನೆಯ ಹೆರಿಗೆ

ಆ ಹೆರಿಗೆ ಆಸ್ಪತ್ರೆಯ ದೊಡ್ಡ ಸಿಸ್ಟರು ಗಂಡಸರ ಮಾತನ್ನು ನಂಬುತ್ತಿರಲಿಲ್ಲ. ಹಾಗೆಂದು ಹೆಂಗಸರ ಮಾತನ್ನು ನಂಬುತ್ತಿದ್ದರು ಎಂದೇನೂ ಅಲ್ಲ. ಮೂವತ್ತೊಂದು ವರ್ಷ ಒಂದೇ ಹಜಾರದಲ್ಲಿ ಕೂತು ಬಸುರಿಯರ ಚೀಟಿ ಬರೆದು ಬರೆದು ಅವರಿಗೆ ಮನುಷ್ಯರ ಬಾಯಿಯ ಅಂದಾಜು ಸಿಕ್ಕಿಬಿಟ್ಟಿತ್ತು. ಹೆಂಡತಿಯ ವಯಸ್ಸೆಷ್ಟು ಎಂದು ಕೇಳಿದರೆ ಗಂಡನಾದವನು ಸೂರು ನೋಡುತ್ತಾನೆ. ಹೆಂಡತಿಯಾದವಳು ಅತ್ತೆ ಪಕ್ಕದಲ್ಲಿದ್ದರೆ ಒಂದು ಹೇಳುತ್ತಾಳೆ, ಅತ್ತೆ ನೀರು ಕುಡಿಯಲು ಎದ್ದುಹೋದರೆ ಇನ್ನೊಂದು ಹೇಳುತ್ತಾಳೆ. ಇದನ್ನೆಲ್ಲ ಕಂಡು ರೋಸಿಹೋಗಿ ಅವರು ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದರು.

ಮೊದಲ ಸಲ ಬಂದ ಬಸುರಿಯನ್ನು ಕಿಟಕಿ ಪಕ್ಕದ ಮೇಜಿಗೆ ಕೂರಿಸುವುದು. ಜೊತೆಗೆ ಬಂದವರನ್ನು ಬಾಗಿಲ ಪಕ್ಕದ ಮೇಜಿಗೆ ಕೂರಿಸುವುದು. ನಡುವೆ ಹದಿನೈದು ಹೆಜ್ಜೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬಾರದು. ಇಬ್ಬರಿಗೂ ಅವೇ ಆರು ಪ್ರಶ್ನೆ. ಆಮೇಲೆ ಎರಡು ಚೀಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಉತ್ತರ ಹೊಂದಿದರೆ ಕಾರ್ಡು ಸೀದಾ ಮರದ ಪೆಟ್ಟಿಗೆಗೆ. ಒಂದೇ ಒಂದು ಉತ್ತರ ಬೇರೆಯಾದರೂ ಕಾರ್ಡಿನ ಮೂಲೆಗೊಂದು ಕೆಂಪು ದಾರ. ಆ ದಾರ ಕಂಡ ಡಾಕ್ಟರು ಆ ಬಸುರಿಯನ್ನು ಒಂದಕ್ಕೆರಡು ಸಲ ಪರೀಕ್ಷೆ ಮಾಡಬೇಕು. ಮತ್ತು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದು ದೊಡ್ಡ ಸಿಸ್ಟರ ಮುಂದೆ ನಿಂತು ಒಂದೇ ಉತ್ತರ ಹೇಳುವತನಕ ಆ ದಾರವನ್ನು ಯಾರೂ ಕತ್ತರಿಸುವಂತಿಲ್ಲ. ಹೊಸದಾಗಿ ಬಂದ ಡಾಕ್ಟರುಗಳು ಮೊದಮೊದಲು ನಗುತ್ತಿದ್ದರು. ಆರು ತಿಂಗಳು ಕಳೆದರೆ ಅವರೇ "ದಾರ ಇದೆಯಾ ನೋಡಿ" ಎನ್ನುತ್ತಿದ್ದರು.

ಗಂಟೆಯಣ್ಣ ಬಾಗಿಲ ಪಕ್ಕದ ಮೇಜಿನಲ್ಲಿ ಕೂತಿದ್ದ. ಅವನ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಓಡಾಡುತ್ತಿರಲಿಲ್ಲ. ಕಚೇರಿಯಲ್ಲಿ ಯಂತ್ರದ ಗಂಟೆ ಹೊಡೆದಾಗಲೆಲ್ಲ ಅವನನ್ನು ಕೂಗುತ್ತಿದ್ದರಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಐದು ಪ್ರಶ್ನೆಗಳಿಗೆ ಅವನು ಪರೀಕ್ಷೆಗೆ ಓದಿಕೊಂಡು ಬಂದವನಂತೆ ಪಟಪಟನೆ ಉತ್ತರ ಕೊಟ್ಟ. ಆರನೆಯದನ್ನು ಆ ಮೇಜಿನಲ್ಲಿ ಚೀಟಿ ಬರೆಯುತ್ತಿದ್ದ ಚಿಕ್ಕ ಸಿಸ್ಟರು ತಲೆಯೆತ್ತದೆ ಕೇಳಿದರು.

"ಎಷ್ಟನೇ ಹೆರಿಗೆ?"

ಹದಿನೈದು ಹೆಜ್ಜೆ ಆಚೆ, ಕಿಟಕಿಯ ಬೆಳಕಿನಲ್ಲಿ, ಅವನ ಹೆಂಡತಿ ಬೆನ್ನು ಮಾಡಿ ಕೂತಿದ್ದಳು. ಜಡೆ ಕುತ್ತಿಗೆಯ ಒಂದು ಪಕ್ಕಕ್ಕೆ ಸರಿದಿತ್ತು. ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಮೂರು ವರ್ಷದಿಂದ ಅವಳು ತುಟಿಪಿಟಕ್ಕೆನ್ನದ ಮಾತನ್ನು ಈಗ ಗುರುತು ಪರಿಚಯವಿಲ್ಲದವರ ಮುಂದೆ ಹೇಳುತ್ತಾಳೆಯೇ? ತಾನು ಒಂದು ಹೇಳಿ ಅವಳು ಇನ್ನೊಂದು ಹೇಳಿದರೆ ದಾರ ಕಟ್ಟುತ್ತಾರೆ. ದಾರ ಕಟ್ಟಿದರೆ ಅವಳನ್ನು ಕರೆದು ಕೇಳುತ್ತಾರೆ.

"ಮೊದಲನೇದು," ಎಂದ.

"ಚೊಚ್ಚಲು," ಎನ್ನುತ್ತ ಚಿಕ್ಕ ಸಿಸ್ಟರು ಬರೆದುಕೊಂಡರು. ಎರಡು ಚೀಟಿಗಳೂ ದೊಡ್ಡ ಸಿಸ್ಟರ ಮುಂದೆ ಹೋದವು. ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಬೆರಳಾಡಿಸಿದರು. ಎಲ್ಲವೂ ಹೊಂದಿತು. ಕಾರ್ಡು ಮರದ ಪೆಟ್ಟಿಗೆಗೆ ಬಿತ್ತು. ಗಂಟೆಯಣ್ಣನಿಗೆ ಹಾಯೆನಿಸಬೇಕಿತ್ತು, ಅನಿಸಲಿಲ್ಲ.

ನಿಜ ಹೇಳಬೇಕೆಂದರೆ ಅದು ಅವಳಿಗೆ ಎರಡನೆಯದು. ಮೂರು ವರ್ಷದ ಹಿಂದೆ, ಬೇರೊಂದು ಊರಿನಲ್ಲಿ, ಅವಳು ದಿನ ತುಂಬಿ ಒಂದು ಹೆಣ್ಣು ಹೆತ್ತಿದ್ದಳು. ಮಗು ಅಳಲಿಲ್ಲ. ಹೆಂಡತಿ ಎಚ್ಚರ ತಪ್ಪಿ ಮಲಗಿದ್ದಳು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಗಂಟೆಯಣ್ಣನ ಕೈಗೆ ಕೊಟ್ಟಳು, ಕಾಲು ಗಂಟೆ ಅವನು ಅದನ್ನು ಹಿಡಿದುಕೊಂಡು ನಿಂತಿದ್ದ. ಅವಳಿಗೆ ತೋರಿಸುವುದು ಬೇಡವೆಂದು ಹಿರಿಯರು ತೀರ್ಮಾನ ಮಾಡಿದರು. ಆವತ್ತು ಅಲ್ಲಿಯ ಡಾಕ್ಟರು ಅವನೊಬ್ಬನನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು: "ಒಳಗೆ ಮಗುವನ್ನ ಪೋಷಿಸೋ ಮಾಸು ಸೋತುಹೋಗಿತ್ತು. ದಿನ ತುಂಬಿದ ಮೇಲೂ ಮಗು ಒಳಗೆ ಉಳೀತು, ಅದಕ್ಕೆ ಹೀಗಾಯ್ತು. ಮುಂದಿನ ಸಲ ಅಷ್ಟು ದಿನ ಕಾಯಬೇಡಿ. ಎಲ್ಲಿಗೆ ಹೋದರೂ ಮೊದಲು ಇದನ್ನ ಹೇಳಿ." ಅವನು ತಲೆಯಾಡಿಸಿದ್ದ.

ಅವನ ತಾಯಿಯದು ಬೇರೆಯೇ ಆಜ್ಞೆ. "ಇನ್ನು ಆ ಮಾತು ಯಾರೂ ಎತ್ತಬೇಡಿ. ಊರು ಬಿಡಿ, ಮನೆ ಬಿಡಿ. ಇನ್ನೊಂದಾದರೆ ಎಲ್ಲಾ ಸರಿಹೋಗುತ್ತೆ," ಎಂದಿದ್ದಳು. ಪಾಪ, ಅವಳೂ ಸಂಕಟದಲ್ಲೇ ಹಾಗೆಂದದ್ದು. ಊರು ಬಿಟ್ಟರು, ಮನೆ ಬಿಟ್ಟರು. ಹೊಸ ಊರಿನಲ್ಲಿ ಕೇಳುವವರೂ ಯಾರೂ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮೂರು ವರ್ಷ ಒಬ್ಬರನ್ನೊಬ್ಬರು ಜೋಪಾನ ಮಾಡಿದರು. ಜೋಪಾನ ಮಾಡುವುದೆಂದರೆ ಇದೇ ಎಂದು ಇಬ್ಬರೂ ತಿಳಿದಿದ್ದರು, ಇಬ್ಬರೂ ಬುದ್ಧಿವಂತರೇ.

ಹೆಂಡತಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ತೋಳು ಕೂರಿಸುವ ಕೆಲಸಕ್ಕೆ ಸೇರಿದ್ದಳು. ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತರೆ ಆ ದಿನದ ಸುದ್ದಿ ಹೇಳುತ್ತಿದ್ದಳು. ಒಂದು ದಿನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಒಂದು ಡಜನ್ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದಿಟ್ಟಿದ್ದಳಂತೆ.

"ಮೇಲ್ನೋಟಕ್ಕೆ ಗೊತ್ತೇ ಆಗಲ್ಲ ಕಣ್ರೀ," ಎಂದು ಅವಳು ನಕ್ಕಿದ್ದಳು. "ಬಟ್ಟೆ ಅದೇ, ಅಳತೆ ಅದೇ. ಮೇಜಿನ ಮೇಲೆ ಇಟ್ಟರೆ ಒಂದಕ್ಕೊಂದು ಕನ್ನಡಿ ಹಿಡಿದ ಹಾಗಿರುತ್ತೆ. ಆದರೆ ಎಡದ್ದನ್ನ ಬಲಕ್ಕೆ ಹಾಕಿದ್ರೆ ಕೈ ಎತ್ತೋಕಾಗಲ್ಲ, ಕಂಕುಳು ಹಿಡ್ಕೊಳುತ್ತೆ. ಮೇಸ್ತ್ರಿ ತಾನೇ ಹಾಕ್ಕೊಂಡು ನೋಡಿ ಗೂಟಕ್ಕೆ ನೇತುಹಾಕಿದ ಹಾಗೆ ನಿಂತಿದ್ದ."

ಗಂಟೆಯಣ್ಣನೂ ನಕ್ಕಿದ್ದ. ನಗು ನಿಂತ ಮೇಲೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತ ಕೂತಿದ್ದರು.

ಡಾಕ್ಟರು ಹೇಳಿದ್ದು ಅವನಿಗೆ ಮರೆತಿರಲಿಲ್ಲ, ಆ ಮಾತು ಕೊಕ್ಕೆಯಂತೆ ಎದೆಯಲ್ಲಿ ಸಿಕ್ಕಿಕೊಂಡೇ ಇತ್ತು. ಮುಂದಿನ ಸಲ ಹೋದಾಗ ಸಿಸ್ಟರ ಕಿವಿಯಲ್ಲಿ ಹೇಳಿದರಾಯಿತು ಎಂದುಕೊಂಡ. ಮುಂದಿನ ಸಲ ಹೆಂಡತಿ ಪಕ್ಕದಲ್ಲೇ ಇದ್ದಳು. ಅದರ ಮುಂದಿನ ಸಲ ಸಿಸ್ಟರು ರಜೆ. ಆರನೆಯ ತಿಂಗಳು ಏಳಾಯಿತು, ಏಳು ಎಂಟಾಯಿತು. ಹೇಡಿಗೆ ನೆಪಗಳು ಸಾಲುಗಟ್ಟಿ ನಿಲ್ಲುತ್ತವೆ, ಅವನಿಗೂ ಹಾಗೇ ಆಯಿತು. ಒಂಬತ್ತು ತುಂಬಲು ಮೂರು ವಾರ ಉಳಿದಿದ್ದಾಗ ಅವನ ಕಚೇರಿಯಲ್ಲಿ ಆ ಗಲಾಟೆ ನಡೆಯಿತು.

ಅವನದು ಹವಾಮಾನ ಕಚೇರಿ. ಸುತ್ತಲಿನ ಠಾಣೆಗಳಿಂದ ಬಂದ ಬಿಸಿಲು, ಗಾಳಿ, ಮಳೆಯ ಅಂಕಿಗಳನ್ನು ಟೇಪಕ್ಕ ಎಂಬಾಕೆ ಕೀಲಿಮಣೆಯ ಮೇಲೆ ಒತ್ತುತ್ತಿದ್ದಳು. ಯಂತ್ರ ಅದನ್ನು ಉದ್ದನೆಯ ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಕೊರೆಯುತ್ತಿತ್ತು. ಆ ಪಟ್ಟಿ ಇನ್ನೊಂದು ಯಂತ್ರದೊಳಗೆ ನುಗ್ಗಿದರೆ ಅಂಕಿಗಳು ತಂತಿಯ ಮೇಲೆ ದೊಡ್ಡ ಕಚೇರಿಗೆ ಹೋಗುತ್ತಿದ್ದವು. ಒಂದೊಂದು ಅಂಕಿಗೂ ಪಟ್ಟಿಯ ಮೇಲೆ ಒಂದೊಂದು ಸಾಲು. ಸಾಲಿನಲ್ಲಿ ಅಂಕಿಗೆಂದು ಏಳು ಜಾಗ, ಎಂಟನೆಯದು ಕಾವಲಿಗೆ.

ಕಾವಲಿನ ನಿಯಮ ಬಹಳ ಸುಲಭ. ಯಾವ ಸಾಲಿನಲ್ಲೇ ಆಗಲಿ ತೂತುಗಳ ಸಂಖ್ಯೆ ಸಮವಾಗಿರಬೇಕು, ಅಂದರೆ ಎರಡು, ನಾಲ್ಕು, ಆರು. ಅಂಕಿಗೆ ಮೂರೇ ತೂತು ಬಿದ್ದರೆ ಯಂತ್ರ ಎಂಟನೆಯದನ್ನೂ ಕೊರೆದು ನಾಲ್ಕು ಮಾಡುತ್ತದೆ. ನಾಲ್ಕು ಬಿದ್ದರೆ ಎಂಟನೆಯ ಜಾಗವನ್ನು ಖಾಲಿ ಬಿಡುತ್ತದೆ. ಆಮೇಲೆ ಎಲ್ಲಾದರೂ ಒಂದು ತೂತು ಮುಚ್ಚಿಹೋದರೆ ಸಂಖ್ಯೆ ಬೆಸವಾಗುತ್ತದೆ, ಓದುವ ಯಂತ್ರ ಗಂಟೆ ಹೊಡೆದು ನಿಲ್ಲುತ್ತದೆ, "ಗಂಟೆಯಣ್ಣಾ" ಎಂದು ಕೂಗು ಬೀಳುತ್ತದೆ. ಅವನು ಕುಂಚ, ಸೂಜಿ, ಎಣ್ಣೆ ಹಿಡಿದು ಬಂದು ಸರಿಮಾಡುತ್ತಾನೆ.

ಟೇಪಕ್ಕನಿಗೆ ಆ ಎಂಟನೆಯ ತೂತಿನ ಮೇಲೆ ವಿಶೇಷ ಮಮತೆ. ಪಕ್ಕದ ಮೇಜಿನ ಗಂಡಸು ಮಾಡುವ ಕೆಲಸವನ್ನೇ ಅವನಿಗಿಂತ ಚುರುಕಾಗಿ ಮಾಡಿಯೂ ಅವನಷ್ಟು ಸಂಬಳ ಸಿಗದೆ ಅವಳು ನಾಲ್ಕು ವರ್ಷ ಅರ್ಜಿ ಹಾಕಿ, ಜಗಳ ಕಾದು, ಕೊನೆಗೆ ಗೆದ್ದವಳು. "ಸಮ ಇರಬೇಕು ಅನ್ನೋದು ಈ ಯಂತ್ರಕ್ಕೆ ಒಂದು ತೂತಿನಲ್ಲಿ ಅರ್ಥ ಆಗುತ್ತೆ, ನಮ್ಮ ಸಾಹೇಬರಿಗೆ ನಾಲ್ಕು ವರ್ಷ ಬೇಕಾಯ್ತು," ಎಂದು ಸಾಹೇಬರಿಗೆ ಕೇಳಿಸುವಂತೆಯೇ ಹೇಳುತ್ತಿದ್ದಳು.

ಆ ಬೆಳಿಗ್ಗೆ ಉತ್ತರದ ಠಾಣೆಯವನು ಫೋನಿನಲ್ಲಿ ಕೂಗಾಡುತ್ತಿದ್ದ. ಅವನು ಬರೆದು ಕಳಿಸಿದ್ದು ಇಪ್ಪತ್ತಮೂರು ಡಿಗ್ರಿ. ರೇಡಿಯೋದಲ್ಲಿ ಬಂದದ್ದು ಇಪ್ಪತ್ತು. ಬರೀ ಮೂರು ಡಿಗ್ರಿ ತಾನೇ ಎಂದು ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವನು ಅಂಥವನಲ್ಲ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆರಡು ಸಲ ಕೊಡೆ ಹಿಡಿದು ಹೋಗಿ ಉಷ್ಣಮಾಪಕ ಓದುವ ಮನುಷ್ಯ. ಊರವರೆಲ್ಲ ಸ್ವೆಟರ್ ಹಾಕಿಕೊಂಡು ಬಂದು ಬೆವರು ಸುರಿಸುತ್ತ ತನ್ನ ಮುಖ ನೋಡಿ ನಕ್ಕರು ಎಂದು ಅವನಿಗೆ ಮೈಯೆಲ್ಲ ಉರಿದುಹೋಗಿತ್ತು.

"ಗಂಟೆ ಹೊಡೀಲಿಲ್ವಾ?" ಎಂದು ಸಾಹೇಬರು ಕೇಳಿದರು.

"ಇಲ್ಲ ಸಾರ್, ಹೊಡೀಲಿಲ್ಲ," ಎಂದಳು ಟೇಪಕ್ಕ. "ನಾನು ಒತ್ತಿದ್ದು ಇಪ್ಪತ್ತಮೂರೇ. ನನ್ನ ಕೈ ತಪ್ಪೋದಿಲ್ಲ."

ಗಂಟೆಯಣ್ಣ ಹಿಂದಿನ ದಿನದ ಪಟ್ಟಿಯ ಸುರುಳಿಯನ್ನು ಬಿಚ್ಚಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ತಡವುತ್ತ ಹೋದ. ಅವನಿಗೆ ಅದು ಅಭ್ಯಾಸ. ಎರಡರ ಸಾಲು ಸರಿಯಾಗಿತ್ತು. ಅದರ ಮುಂದಿನದು ಮೂರರ ಸಾಲು. ಮೂರಕ್ಕೆ ನಾಲ್ಕು ತೂತು ಇರಬೇಕು. ಬೆರಳಿಗೆ ಸಿಕ್ಕಿದ್ದು ಎರಡೇ. ಮಿಕ್ಕೆರಡರ ಜಾಗದಲ್ಲಿ ಕಾಗದ ನುಣ್ಣಗಿತ್ತು. ಕೊರೆಯುವ ಮೊಳೆಗಳ ಸಂದಿಯಲ್ಲಿ ಕಾಗದದ ಹೊಟ್ಟು ಒಂದು ಕ್ಷಣ ಸಿಕ್ಕಿಕೊಂಡು, ಅಕ್ಕಪಕ್ಕದ ಎರಡು ಮೊಳೆಗಳನ್ನೂ ತಡೆದು, ಮರುಕ್ಷಣ ಉದುರಿಹೋಗಿರಬೇಕು. ಎರಡು ತೂತು ಉಳಿದ ಆ ಸಾಲನ್ನು ಯಂತ್ರ ಸೊನ್ನೆಯೆಂದು ಓದಿ, ಎರಡು ಸಮವೇ ಅಲ್ಲವೇ ಎಂದು ನೆಮ್ಮದಿಯಾಗಿ ಮುಂದಕ್ಕೆ ಹೋಗಿತ್ತು.

"ಹಾಗಾದರೆ ನಿನ್ನ ಕಾವಲುಗಾರ ಏನು ನಿದ್ದೆ ಮಾಡ್ತಿದ್ನಾ?" ಎಂದರು ಸಾಹೇಬರು.

"ಅಲ್ಲ ಸಾರ್. ಅದು ಇರೋದೇ ಹಾಗೆ. ಒಂದು ತಪ್ಪಿದ್ರೆ ಹಿಡಿಯುತ್ತೆ. ಎರಡೂ ಒಟ್ಟಿಗೆ ತಪ್ಪಿದ್ರೆ ಲೆಕ್ಕ ಮತ್ತೆ ಹೊಂದಿಬಿಡುತ್ತೆ. ಎರಡೂ ಒಟ್ಟಿಗೆ..."

ಅವನ ಮಾತು ಅಲ್ಲಿಗೇ ನಿಂತಿತು. ಕಿಟಕಿ ಪಕ್ಕದ ಮೇಜು, ಬಾಗಿಲ ಪಕ್ಕದ ಮೇಜು, ಎರಡು ಚೀಟಿಗಳ ಮೇಲೆ ಆಡಿದ ಬೆರಳು, ಸದ್ದಿಲ್ಲದೆ ಪೆಟ್ಟಿಗೆಗೆ ಬಿದ್ದ ಕಾರ್ಡು ಎಲ್ಲವೂ ಒಮ್ಮೆಗೇ ಕಣ್ಣಮುಂದೆ ಬಂದವು. ಅವನೊಬ್ಬನೇ ಸುಳ್ಳು ಹೇಳಿದ್ದರೆ ದಾರ ಕಟ್ಟುತ್ತಿದ್ದರು. ಅವಳೊಬ್ಬಳೇ ಹೇಳಿದ್ದರೂ ಕಟ್ಟುತ್ತಿದ್ದರು. ಇಬ್ಬರೂ ಹೇಳಿದ್ದರು.

ಸಾಹೇಬರು ಫೋನಿನ ಕಡೆ ಹೋದ ಮೇಲೆ ಟೇಪಕ್ಕ ಅವನ ಮುಖ ನೋಡಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು. "ಯಾಕೆ ತಮ್ಮಾ, ಮುಖ ಬಿಳುಚಿಕೊಂಡಿದೆ?"

ಗಂಟೆಯಣ್ಣ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮೂರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟ. ಮಗುವಿನ ವಿಷಯ ಹೇಳಿದ, ಡಾಕ್ಟರು ಹೇಳಿದ್ದನ್ನು ಹೇಳಿದ, ಚೀಟಿಯ ವಿಷಯ ಹೇಳಿದ. ಟೇಪಕ್ಕ ನಡುವೆ ಬಾಯಿಹಾಕದೆ ಕೇಳಿದಳು. ಅದು ಅವಳ ಸ್ವಭಾವವೇ ಅಲ್ಲ. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು.

"ಅಷ್ಟು ದೊಡ್ಡ ವಿಷಯ ಹೊಟ್ಟೇಲಿ ಇಟ್ಕೊಂಡು ಇಲ್ಲಿ ನಿಂತು ನಂಗೆ ತೂತಿನ ಪಾಠ ಹೇಳ್ತಿದ್ದೀಯಲ್ಲ! ಹೋಗು. ಸಾಹೇಬರಿಗೆ ನಾನು ಹೇಳ್ಕೊತೀನಿ. ಮೊದಲು ಇಲ್ಲಿಂದ ಹೋಗು."

ಅವನು ಸೂಜಿ, ಕುಂಚ ಜೇಬಿನಲ್ಲಿಟ್ಟುಕೊಂಡೇ ಓಡಿದ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಮೈಲಿ ನಡೆದೂ ಓಡಿಯೂ ಆಸ್ಪತ್ರೆಯ ಹಜಾರಕ್ಕೆ ಬಂದಾಗ ಉಸಿರು ಬಾಯಿಗೆ ಬಂದಿತ್ತು. ಹಜಾರ ಖಾಲಿಯಾಗಿತ್ತು. ದೊಡ್ಡ ಸಿಸ್ಟರು ಊಟ ಮುಗಿಸಿ ಪೆನ್ಸಿಲ್ ಕೆತ್ತುತ್ತಿದ್ದರು.

"ಸಿಸ್ಟರ್, ನಾನೊಂದು ತಪ್ಪು ಹೇಳಿದ್ದೀನಿ. ನನ್ನ ಹೆಂಡತಿ ಕಾರ್ಡಿನಲ್ಲಿ, ಆರನೇ ಪ್ರಶ್ನೆಗೆ..."

"ಕೂತ್ಕೊ," ಎಂದರು ಅವರು. ಲೋಟದಲ್ಲಿ ನೀರು ಬಗ್ಗಿಸಿ ಕೊಟ್ಟರು. ಮರದ ಪೆಟ್ಟಿಗೆಯ ಬಳಿ ಹೋಗಿ ಹುಡುಕದೆ ಒಂದೇ ಸಲಕ್ಕೆ ಒಂದು ಕಾರ್ಡು ತೆಗೆದು ಅವನ ಮುಂದಿಟ್ಟರು.

ಕಾರ್ಡಿನ ಮೂಲೆಯಲ್ಲಿ ಕೆಂಪು ದಾರವಿತ್ತು. ಗಂಟು ಹಳೆಯದಾಗಿ ಬಿಗಿದುಕೊಂಡಿತ್ತು.

ಅವನು ಕಣ್ಣು ಕಣ್ಣು ಬಿಟ್ಟ.

"ಇವತ್ತಿಗೆ ಮೂವತ್ತನಾಲ್ಕು ದಿನ ಆಯ್ತು ಕಟ್ಟಿ," ಎಂದರು ದೊಡ್ಡ ಸಿಸ್ಟರು. "ನಿನ್ನ ಹೆಂಡತಿ ಊಟದ ಬಿಡುವಿನಲ್ಲಿ ಒಬ್ಬಳೇ ಬಂದಿದ್ದಳು. ಮೈಮೇಲೆಲ್ಲ ದಾರದ ಚೂರು. ಸಿಸ್ಟರ್, ನಂದು ಎರಡನೇದು ಅಂತ ಬರ್ಕೊಳ್ಳಿ ಅಂದಳು. ಅವತ್ತು ಯಾಕಮ್ಮ ಸುಳ್ಳು ಹೇಳಿದೆ ಅಂದರೆ, ನಮ್ಮವರು ಮೊದಲನೇದು ಅಂತಲೇ ಹೇಳ್ತಾರೆ ಅಂತ ಗೊತ್ತಿತ್ತು, ನಾನು ಬೇರೆ ಹೇಳಿದ್ರೆ ನೀವು ಅವರನ್ನ ಕರೆದು ಕೇಳ್ತೀರಿ, ಅವರು ನೊಂದುಕೊಳ್ತಾರೆ ಅಂದಳು. ಈಗಲೂ ಅವರನ್ನ ಕೇಳಬೇಡಿ ಅಂತ ಕೈ ಹಿಡ್ಕೊಂಡಳು. ನಾನು ಮಾತು ಕೊಟ್ಟೆ. ಕೊಟ್ಟು ದಿನಾ ಬಾಗಿಲ ಕಡೆ ನೋಡ್ತಾ ಕೂತಿದ್ದೀನಿ, ಈ ಮಹಾರಾಯ ಯಾವಾಗ ಬರ್ತಾನೋ ಅಂತ."

ಗಂಟೆಯಣ್ಣ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದ.

"ಉಸಿರಾಡದ ಮಗು, ಸಿಸ್ಟರ್," ಎಂದ. "ಅದನ್ನೂ ಲೆಕ್ಕಕ್ಕೆ ತಗೋತೀರಾ?"

"ಒಂಬತ್ತು ತಿಂಗಳು ಹೊತ್ತಳಾ?"

"ಹೊತ್ತಳು."

"ಹೆತ್ತಳಾ?"

"ಹೆತ್ತಳು."

"ಮತ್ತಿನ್ನೇನು? ಈ ಕಾರ್ಡಿನಲ್ಲಿ ಮಗು ಅತ್ತಿತಾ ಅಂತ ಕೇಳಿಲ್ಲ, ಎಷ್ಟನೇ ಹೆರಿಗೆ ಅಂತ ಕೇಳಿದೆ. ಅದು ನನ್ನ ಕಟ್ಟಳೆ ಅಲ್ಲಪ್ಪ, ಎಲ್ಲಾ ಹೆರಿಗೆ ಆಸ್ಪತ್ರೆಯಲ್ಲೂ ಹಾಗೇ ಬರೆಯೋದು. ದಿನ ತುಂಬಿ ಬಂದದ್ದು ಬಂದದ್ದೇ."

ಆಗ ಅವನು ಅತ್ತ. ಮೂರು ವರ್ಷದ ಅಳು, ಸದ್ದು ಮಾಡಿಕೊಂಡೇ ಬಂತು. ದೊಡ್ಡ ಸಿಸ್ಟರು ಅವನನ್ನು ಅಳಲು ಬಿಟ್ಟು ಇನ್ನೊಂದು ಪೆನ್ಸಿಲ್ ಕೆತ್ತಿದರು. ಅವನು ಸುಧಾರಿಸಿಕೊಂಡ ಮೇಲೆ ಹಳೆಯ ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದ. ಅದನ್ನು ಕೇಳುತ್ತಿದ್ದಂತೆ ಅವರ ಮುಖ ಬಿಗಿಯಿತು.

"ಇದು ಅವಳಿಗೆ ಗೊತ್ತಿಲ್ವಾ?"

"ನಂಗೊಬ್ಬನಿಗೇ ಹೇಳಿದ್ದರು."

"ಎಂಥ ಗಂಡಸಪ್ಪಾ ನೀನು!" ಎಂದು ಅವರು ಮೇಜು ಬಡಿದರು. ಬಡಿದು, ತಕ್ಷಣ ಎದ್ದು, ಕಾರ್ಡು ಹಿಡಿದು ಡಾಕ್ಟರ ಕೋಣೆಗೆ ಹೋದರು. ಬಂದಾಗ ಕಾರ್ಡಿನ ಮೇಲೆ ಹೊಸ ಅಕ್ಷರಗಳಿದ್ದವು. ದಾರ ಇದ್ದುದರಿಂದ ಡಾಕ್ಟರು ಒಂದು ತಿಂಗಳಿಂದ ಮಗುವಿನ ಎದೆಬಡಿತವನ್ನು ಎರಡೆರಡು ಸಲ ನೋಡುತ್ತಲೇ ಇದ್ದರಂತೆ, ಈವರೆಗೆ ಎಲ್ಲ ಚೆನ್ನಾಗಿದೆಯಂತೆ. ಆದರೆ ಇನ್ನು ದಿನ ತುಂಬುವವರೆಗೆ ಕಾಯುವುದಿಲ್ಲ. ಮುಂದಿನ ಬುಧವಾರದ ಮುಂದಿನ ಬುಧವಾರ ಬೆಳಿಗ್ಗೆ ಅವಳನ್ನು ದಾಖಲು ಮಾಡಬೇಕು, ಔಷಧಿ ಕೊಟ್ಟು ನೋವು ಬರಿಸುತ್ತಾರೆ.

ಗಂಟೆಯಣ್ಣ ಕಾರ್ಡಿನ ಮೂಲೆ ಮುಟ್ಟಿದ. "ದಾರ ತೆಗೀಬಹುದಲ್ವಾ ಈಗ? ಇಬ್ಬರದೂ ಒಂದೇ ಆಯ್ತಲ್ಲ."

"ಕಟ್ಟಳೆ ಗೊತ್ತಲ್ಲ. ಇಬ್ಬರೂ ಒಟ್ಟಿಗೆ ಬಂದು ನನ್ನ ಮುಂದೆ ಹೇಳಬೇಕು. ನಾಳೆ ಕರ್ಕೊಂಡು ಬಾ," ಎಂದು ದೊಡ್ಡ ಸಿಸ್ಟರು ಕಾರ್ಡನ್ನು ಕಿತ್ತುಕೊಂಡರು.

ಸಂಜೆ ಕಾರ್ಖಾನೆಯ ಸೈರನ್ ಆಗುವ ಮೊದಲೇ ಅವನು ಗೇಟಿನ ಎದುರು ನಿಂತಿದ್ದ. ಹೆಂಗಸರ ಗುಂಪಿನಲ್ಲಿ ಹೆಂಡತಿ ನಿಧಾನವಾಗಿ, ಬೆನ್ನಿಗೆ ಕೈ ಕೊಟ್ಟುಕೊಂಡು ಬಂದಳು. ಅವನನ್ನು ಕಂಡು ಗಾಬರಿಯಾದಳು.

"ಏನಾಯ್ತು ರೀ? ಕೆಲಸ ಇಲ್ವಾ?"

"ಏನೂ ಆಗಿಲ್ಲ. ಆಸ್ಪತ್ರೆಗೆ ಹೋಗಿದ್ದೆ. ದಾರ ನೋಡಿದೆ."

ಅವಳು ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದವರು ಅವರಿಬ್ಬರನ್ನು ಬಳಸಿಕೊಂಡು ಮುಂದೆ ಹೋದರು. ರಸ್ತೆಯ ಬದಿಗೆ ಮುಚ್ಚಿದ ಅಂಗಡಿಯೊಂದರ ಮುಂದೆ ಕಲ್ಲಿನ ಮೆಟ್ಟಿಲಿತ್ತು. ಅವನು ಅವಳ ತೋಳು ಹಿಡಿದು ಅಲ್ಲಿ ಕೂರಿಸಿ ತಾನೂ ಕೂತ. ಎಲ್ಲವನ್ನೂ ಹೇಳಿದ. ಡಾಕ್ಟರ ಮಾತು ಹೇಳುವಾಗ ಅವಳ ಕಡೆ ನೋಡಲಾಗಲಿಲ್ಲ.

ಅವಳು ಕೇಳಿದ್ದು ಡಾಕ್ಟರ ಮಾತಿನ ಬಗ್ಗೆ ಅಲ್ಲ.

"ನೀವು ಅವಳನ್ನ ನೋಡಿದ್ರಾ?"

"ನೋಡಿದೆ."

"ಎತ್ಕೊಂಡ್ರಾ?"

"ಎತ್ಕೊಂಡೆ. ಕಾಲು ಗಂಟೆ."

ಮಧ್ಯಾಹ್ನದ ಬಿಸಿಲಲ್ಲಿ ಓಡಿ ಬೆವರಿ ಒಣಗಿದ ಅವನ ಅಂಗಿಯ ಎದೆಯ ಮೇಲೆ ಎರಡೂ ಕೈಯಿಂದ ಬಡಿದಳು. ನೋಯುವಂತೆಯೇ ಬಡಿದಳು.

"ಮೂರು ವರ್ಷ! ಮೂರು ವರ್ಷ ನನ್ನ ಮಗಳ ಮುಖ ನೀವೊಬ್ಬರೇ ಇಟ್ಕೊಂಡಿದ್ರಲ್ಲ! ನಾನು ದಿನಾ ರಾತ್ರಿ ಒಂದೊಂದು ಮುಖ ಕಟ್ಟಿ ನೋಡ್ತಿದ್ದೆ, ಒಂದೂ ನಿಲ್ಲಲಿಲ್ಲ. ನಿಮ್ಮನ್ನ ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಕೇಳಲಿಲ್ಲ. ಇನ್ನೊಂದಾದ್ರೆ ಸರಿಹೋಗುತ್ತೆ ಅಂದ್ರು ನಿಮ್ಮಮ್ಮ. ತೋಳು ಹೊಲಿಯೋಳು ರೀ ನಾನು. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ ಅಂತ ನಂಗೊಬ್ಬರು ಹೇಳಿಕೊಡಬೇಕಾ?"

ಅವನು ಬಡಿಸಿಕೊಂಡ. ಅವಳ ಕೈ ಸೋತ ಮೇಲೆ ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಅವಳ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ.

"ತಲೆತುಂಬ ಕೂದಲಿತ್ತು," ಎಂದ ಮೆಲ್ಲಗೆ. "ಕಪ್ಪಗೆ, ನಿನ್ನ ಹಾಗೆ. ಬೆರಳು ಉದ್ದ. ಮೂಗು ನಂದೇ, ಪಾಪ. ಆಮೇಲೆ ಎಡಗಿವಿ ಮೇಲಂಚು ಒಂಚೂರು ಒಳಗೆ ಮಡಚಿಕೊಂಡಿತ್ತು. ಪುಸ್ತಕದ ಹಾಳೆ ಮೂಲೆ ಮಡಚಿಡ್ತೀವಲ್ಲ, ಹಾಗೆ. ನಾನು ಬೆರಳಲ್ಲಿ ಬಿಡಿಸಿದೆ. ಬಿಟ್ಟ ತಕ್ಷಣ ಮತ್ತೆ ಮಡಚಿಕೊಳ್ತು."

"ಎಡಗಿವಿನಾ?"

"ಎಡಗಿವಿ."

ಅವಳು ಕಣ್ಣು ಮುಚ್ಚಿ ಕೂತಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಮುಖದ ಬಿಗಿ ಸಡಿಲಿತ್ತು. "ಇನ್ನೊಂದು ಸಲ ಹೇಳಿ," ಎಂದಳು. ಅವನು ಕೂದಲಿಂದ ಹಿಡಿದು ಮತ್ತೆ ಹೇಳಿದ. ಮನೆ ಸೇರುವಷ್ಟರಲ್ಲಿ ನಾಲ್ಕು ಸಲ ಹೇಳಿದ್ದ.

ಮರುದಿನ ಇಬ್ಬರೂ ದೊಡ್ಡ ಸಿಸ್ಟರ ಮುಂದೆ ನಿಂತರು. ಅವರು ಕನ್ನಡಕ ಏರಿಸಿ, ಏನೂ ಗೊತ್ತಿಲ್ಲದವರಂತೆ, ಎಷ್ಟನೇ ಹೆರಿಗೆ ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಹೇಳಿದರು. ಅವರು ಕತ್ತರಿ ತೆಗೆದು ದಾರ ಕತ್ತರಿಸಿ, ಕಸದ ಬುಟ್ಟಿಗೆ ಹಾಕಲು ಹೋಗಿ, ಏನನ್ನಿಸಿತೋ, ಹೆಂಡತಿಯ ಕೈಗೆ ಕೊಟ್ಟರು. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ಬುಧವಾರ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡರು. ಗಂಟೆಯಣ್ಣ ಹಜಾರದ ಬೆಂಚಿನ ಮೇಲೆ ಕೂತು, ಎದ್ದು, ಮತ್ತೆ ಕೂತು, ಜೇಬಿನಲ್ಲಿದ್ದ ಸೂಜಿಯಿಂದ ಬೆರಳು ಚುಚ್ಚಿಕೊಂಡ. ಟೇಪಕ್ಕ ಕಚೇರಿಯಿಂದ ಎರಡು ಸಲ ಫೋನು ಮಾಡಿದ್ದಳು. ಮಧ್ಯಾಹ್ನ ಮೂರರ ಸುಮಾರಿಗೆ ಬಾಗಿಲಾಚೆ ಒಂದು ಅಳು ಕೇಳಿಸಿತು. ಸಣ್ಣದಾಗಿ ಶುರುವಾಗಿ, ಜಗಳಕ್ಕೆ ಬಂದಂತೆ ಜೋರಾಯಿತು. ಅವನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ದೊಡ್ಡ ಸಿಸ್ಟರು ಹೊರಗೆ ಬಂದು, "ಹೆಣ್ಣು. ಗಂಟಲು ನೋಡು ಎಷ್ಟು ಗಟ್ಟಿ. ಬಾ ಒಳಗೆ," ಎಂದರು.

ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು. ಕೂದಲು ಹಣೆಗೆ ಅಂಟಿತ್ತು. ಮಗು ಅವಳ ಎದೆಯ ಮೇಲಿತ್ತು. ಅವನು ಮಂಚದ ಪಕ್ಕಕ್ಕೆ ಬಂದು ನಿಂತದ್ದೂ ಅವಳಿಗೆ ತಿಳಿಯಲಿಲ್ಲ. ಅವಳು ಮಗುವಿನ ತಲೆಯ ಬಟ್ಟೆ ಸರಿಸಿ ಎಡಗಿವಿಯನ್ನು ನೋಡುತ್ತಿದ್ದಳು. ಬೆರಳ ತುದಿಯಿಂದ ಮೇಲಂಚನ್ನು ಉದ್ದಕ್ಕೂ ತಡವಿದಳು. ನಿಧಾನವಾಗಿ ಮಗುವನ್ನು ಹೊರಳಿಸಿ ಬಲಗಿವಿಯನ್ನೂ ನೋಡಿದಳು. ಎರಡೂ ನೆಟ್ಟಗೆ, ದುಂಡಗೆ ಇದ್ದವು. ಎಲ್ಲೂ ಮಡಿಕೆಯಿರಲಿಲ್ಲ.

ಅವಳ ಕಣ್ಣಿಂದ ನೀರು ತೊಟ್ಟಿಕ್ಕಿತು. ಗಂಟೆಯಣ್ಣ ತಾನು ಆ ಕಿವಿಯ ಮಾತು ಹೇಳಬಾರದಿತ್ತೇನೋ ಎಂದುಕೊಂಡು ಬಗ್ಗಿ ಅವಳ ಭುಜ ಮುಟ್ಟಿದ.

"ಇವಳಿಗೆ ಇಲ್ಲ ಅಲ್ವಾ," ಎಂದ.

ಅವಳು ತಲೆಯೆತ್ತಿದಳು. ಅಳುತ್ತಲೇ ನಗುತ್ತಿದ್ದಳು.

"ಇಲ್ಲ ಬಿಡಿ," ಎಂದಳು. "ಅದು ಅಕ್ಕಂದು."